ಒಂದು ಕೆಟ್ಟ ವಾರಕ್ಕೆ ವೈಲ್ಡ್‌ಕಾರ್ಡ್ ಖರ್ಚು ಮಾಡಬೇಡಿ

ನೀವು ಕೇಳಿದ್ದು ಇದು: ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಆಟಗಾರರನ್ನು ಆರಿಸಿ ತಂಡ ಕಟ್ಟುವ ಆನ್‌ಲೈನ್ ಆಟವಾದ ಫ್ಯಾಂಟಸಿ ಪ್ರೀಮಿಯರ್ ಲೀಗ್‌ನಲ್ಲಿ ಈ ವಾರ ನಿಮ್ಮ ತಂಡಕ್ಕೆ ಬಂದದ್ದು ಬರೀ 31 ಅಂಕ. ಅಂಕ ದುಪ್ಪಟ್ಟಾಗುವ ಕ್ಯಾಪ್ಟನ್ ಕೊನೆಯ ಹತ್ತು ನಿಮಿಷಕ್ಕೆ ಮೈದಾನಕ್ಕಿಳಿದು ಏನೂ ಮಾಡಲಿಲ್ಲ. 12 ಅಂಕ ಗಳಿಸಿದ ಡಿಫೆಂಡರ್ ಬೆಂಚಿನಲ್ಲೇ ಉಳಿದ. ಗದಗಿನ ಗೆಳೆಯರ ಲೀಗ್‌ನಲ್ಲಿ ಎರಡನೇ ಸ್ಥಾನದಿಂದ ಏಳಕ್ಕೆ ಇಳಿದಿರಿ. ಇವತ್ತೇ ವೈಲ್ಡ್‌ಕಾರ್ಡ್ (ದಂಡವಿಲ್ಲದೆ ಎಷ್ಟು ಆಟಗಾರರನ್ನಾದರೂ ಬದಲಿಸುವ ಅವಕಾಶ) ಹಾಕಿ ತಂಡವನ್ನೆಲ್ಲ ಬದಲಿಸಲೇ ಎಂದು ಕೇಳುತ್ತಿದ್ದೀರಿ.

ಬೇಡ. ಇವತ್ತಂತೂ ಖಂಡಿತ ಬೇಡ.

ಹುಬ್ಬಳ್ಳಿಯಲ್ಲಿ ನನ್ನ ಸುತ್ತ ಈ ಆಟ ಆಡುವವರಲ್ಲಿ ಹೆಚ್ಚಿನವರು ಐಪಿಎಲ್ ಫ್ಯಾಂಟಸಿಯಿಂದ ಬಂದವರು. ಅಲ್ಲಿ ಪ್ರತಿ ಪಂದ್ಯಕ್ಕೂ ಹೊಸ ತಂಡ ಕಟ್ಟಿ, ಅದೇ ರಾತ್ರಿ ಲೆಕ್ಕ ಮುಗಿಸಿ ಅಭ್ಯಾಸ. 2025ರ ಕಾಯ್ದೆಯಿಂದ ಹಣ ಕಟ್ಟಿ ಆಡುವ ಆಟಗಳು ನಿಂತ ಮೇಲೆ ಹಲವರು ಈ ಉಚಿತ ಆಟಕ್ಕೆ ಬಂದರು, ಬರುವಾಗ ಆ ಅವಸರವನ್ನೂ ಜೊತೆಗೆ ತಂದರು. ಇದು 38 ಗೇಮ್‌ವೀಕ್‌ಗಳ ಆಟ. ಒಮ್ಮೆ ಕಟ್ಟಿದ 15 ಜನರ ತಂಡವನ್ನು ವಾರಕ್ಕೊಂದು ಉಚಿತ ಟ್ರಾನ್ಸ್‌ಫರ್‌ನಲ್ಲಿ ತಿದ್ದುತ್ತಾ ಹೋಗಬೇಕು. ಒಂದು ವಾರದ ಅಂಕವನ್ನು ಇಲ್ಲಿ ತೀರ್ಪು ಎಂದುಕೊಂಡರೆ ಮುಂದಿನ ಮೂರು ವಾರವೂ ಕೆಡುತ್ತವೆ.

ಮೊದಲು ನಿಮ್ಮ ಕ್ಯಾಪ್ಟನ್ ವಿಷಯ. ಅವನು ಮೈದಾನಕ್ಕೆ ಇಳಿಯದೇ ಹೋಗಿದ್ದರೆ ದುಪ್ಪಟ್ಟು ಅಂಕ ವೈಸ್ ಕ್ಯಾಪ್ಟನ್‌ಗೆ ಹೋಗುತ್ತಿತ್ತು, ಬೆಂಚಿನಿಂದ ಒಬ್ಬ ತಾನಾಗಿಯೇ ಒಳಗೆ ಬರುತ್ತಿದ್ದ. ಹತ್ತು ನಿಮಿಷ ಆಡಿದ್ದರಿಂದ ಎರಡೂ ಬಾಗಿಲು ಮುಚ್ಚಿದವು. 60 ನಿಮಿಷಕ್ಕಿಂತ ಕಡಿಮೆ ಆಡಿದವನಿಗೆ 1 ಅಂಕ, ನಾಯಕನಾದ್ದರಿಂದ 2. ಇದು ದುರದೃಷ್ಟ, ನಿಮ್ಮ ಆಯ್ಕೆ ಕೆಟ್ಟದ್ದಾಗಿರಲಿಲ್ಲ. ಮೊಹಮ್ಮದ್ ಸಲಾ 2024-25ರಲ್ಲಿ 29 ಗೋಲು, ಇತರರ ಗೋಲಿಗೆ ನೆರವಾದ 18 ಅಸಿಸ್ಟ್‌ಗಳೊಂದಿಗೆ 344 ಅಂಕ ಗಳಿಸಿ ಈ ಆಟದ ದಾಖಲೆ ಮುರಿದರು. ಗೋಲೂ ಇಲ್ಲದ, ಅಸಿಸ್ಟೂ ಇಲ್ಲದ ವಾರಗಳು ಆ ಸೀಸನ್‌ನಲ್ಲೂ ಇದ್ದವು. ಅಂಥ ಒಂದು ವಾರ ನೋಡಿ ಸಿಟ್ಟಿನಿಂದ ಅವರನ್ನು ಮಾರಿದವರು ಮುಂದಿನ ವಾರಗಳ ಅಂಕಗಳನ್ನೇ ಮಾರಿಕೊಂಡಂತಾಯಿತು.

ಡಿಫೆಂಡರ್‌ನ 12 ಅಂಕಕ್ಕೂ ಕೊರಗಬೇಡಿ. ಗೋಲಿಗೆ 6, ಎದುರಾಳಿಗೆ ಗೋಲು ಬಿಡದ ಕ್ಲೀನ್ ಶೀಟ್‌ಗೆ 4, ಆಡಿದ್ದಕ್ಕೆ 2. ಡಿಫೆಂಡರ್ ಗೋಲು ಹೊಡೆಯುವ ವಾರವನ್ನು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಆದರೆ 2025-26ರಿಂದ ಬಂದ ನಿಯಮವೊಂದನ್ನು ಗಮನಿಸಿ: ಎದುರಾಳಿಯ ದಾಳಿ ತಡೆಯುವ ಟ್ಯಾಕಲ್, ಕ್ಲಿಯರೆನ್ಸ್, ಬ್ಲಾಕ್, ಇಂಟರ್‌ಸೆಪ್ಷನ್ ಸೇರಿ ಒಂದೇ ಪಂದ್ಯದಲ್ಲಿ 10 ತಲುಪಿದ ಡಿಫೆಂಡರ್‌ಗೆ 2 ಅಂಕ ಹೆಚ್ಚು. ಅವನಿಗೆ ಈ ಅಂಕಗಳು ಮೇಲಿಂದ ಮೇಲೆ ಬರುತ್ತಿದ್ದರೆ ಬೆಂಚಿನಲ್ಲಿ ಕೂರಿಸಬೇಡಿ. ತಂಡ ಸೋತ ದಿನವೂ ಅವನು ಬರಿಗೈಯಲ್ಲಿ ಬರುವುದಿಲ್ಲ.

ಈಗ ಟ್ರಾನ್ಸ್‌ಫರ್‌ಗಳ ಲೆಕ್ಕ. ಉಚಿತ ಮಿತಿ ದಾಟಿದ ಪ್ರತಿ ಬದಲಾವಣೆಗೂ 4 ಅಂಕ ದಂಡ. ಹೊಸ ಫಾರ್ವರ್ಡ್ ಒಂದು ಗೋಲು ಹೊಡೆದರೆ 4, ಪೂರ್ತಿ ಆಡಿದ್ದಕ್ಕೆ 2, ಒಟ್ಟು 6. ನೀವು ಮಾರಿದ ಹಳೆಯವನು ಏನೂ ಮಾಡದೆ ಪೂರ್ತಿ ಆಡಿದರೂ 2. ವ್ಯತ್ಯಾಸ 4, ದಂಡವೂ 4. ಅಂದರೆ ಹೊಸಬ ಗೋಲು ಹೊಡೆದ ಮೇಲೂ ನೀವು ಇದ್ದಲ್ಲೇ ಇದ್ದೀರಿ! ಬೆಲೆಯ ನಷ್ಟ ಬೇರೆ. ಆಟದ ಲೆಕ್ಕದ ಹಣದಲ್ಲಿ 7.0 ಮಿಲಿಯನ್‌ಗೆ ಕೊಂಡ ಆಟಗಾರನ ಬೆಲೆ 7.3 ಆಗಿದ್ದರೆ ಮಾರುವಾಗ ನಿಮ್ಮ ಕೈಗೆ ಸಿಗುವುದು 7.1 ಮಾತ್ರ, ಮರುವಾರ ಮತ್ತೆ ಬೇಕೆನಿಸಿದರೆ 7.3 ಕೊಡಬೇಕು.

ವೈಲ್ಡ್‌ಕಾರ್ಡ್ ಒಮ್ಮೆ ಖಚಿತಪಡಿಸಿದರೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೂ ಸಲ್ಲುತ್ತದೆ. 2025-26ರ ನಿಯಮದಲ್ಲಿ ಸೀಸನ್‌ನ ಎರಡು ಅರ್ಧಕ್ಕೂ ಒಂದೊಂದು ವೈಲ್ಡ್‌ಕಾರ್ಡ್ ಇದೆ. ನಿಮ್ಮ ಹನ್ನೊಂದರಲ್ಲಿ ನಾಲ್ಕೈದು ಜನ ಗಾಯಗೊಂಡೋ, ಜಾಗ ಕಳೆದುಕೊಂಡೋ ಕುಳಿತಿದ್ದರೆ ಹಾಕಿ. ಎಲ್ಲರೂ ಆಡುತ್ತಿದ್ದು ಅಂಕ ಮಾತ್ರ ಬರಲಿಲ್ಲ ಎಂದಾದರೆ ಬೇಡ.

ಹಾಗಾದರೆ ಯಾರನ್ನು ಮಾರಬೇಕು? ಆಡುವ ನಿಮಿಷ ಕಡಿಮೆಯಾಗುತ್ತಿರುವವನನ್ನು, ಪೆನಾಲ್ಟಿ ಹೊಡೆಯುವ ಹೊಣೆ ಕಳೆದುಕೊಂಡವನನ್ನು, ಮೊದಲಿಗಿಂತ ಹಿಂದಿನ ಸ್ಥಾನದಲ್ಲಿ ಆಡುತ್ತಿರುವವನನ್ನು. ಗೋಲುಪೆಟ್ಟಿಗೆಯ ಹತ್ತಿರದಿಂದ ನಾಲ್ಕು ಬಾರಿ ಒದ್ದು, ಒಂದು ಕಂಬಕ್ಕೆ ಬಡಿದು, ಎರಡು ಗೋಲ್‌ಕೀಪರ್ ತಡೆದು, 2 ಅಂಕದೊಂದಿಗೆ ಹೊರಬಂದವನನ್ನು ಇಟ್ಟುಕೊಳ್ಳಿ. ಪಂದ್ಯವಿಡೀ ಚೆಂಡು ಮುಟ್ಟದೆ ಒಂದು ಪೆನಾಲ್ಟಿಯಿಂದ ಅಂಕ ಗಳಿಸಿದವನಿಗಿಂತ ಅವನು ಮೇಲು. ಇದಕ್ಕಾಗಿ ಮಧ್ಯರಾತ್ರಿ ಒಂದೂವರೆಯ ಪಂದ್ಯಕ್ಕೆ ನಿದ್ದೆಗೆಡಬೇಕಾಗಿಲ್ಲ, ಬೆಳಿಗ್ಗೆ ಮುಖ್ಯಾಂಶಗಳನ್ನು ನೋಡಿದರೂ ಗೊತ್ತಾಗುತ್ತದೆ.

ಸೋಮವಾರ ಟ್ರಾನ್ಸ್‌ಫರ್ ಮಾಡಬೇಡಿ. ಮಂಗಳವಾರದಿಂದ ಗುರುವಾರದವರೆಗೆ ಯುರೋಪಿಯನ್ ಪಂದ್ಯಗಳಿದ್ದರೆ ಅಲ್ಲಿ ಯಾರಿಗಾದರೂ ಗಾಯವಾಗಬಹುದು. ವಾರದ ಕೊನೆಗೆ ಕೋಚ್‌ಗಳ ಪತ್ರಿಕಾಗೋಷ್ಠಿ ಮುಗಿಯಲಿ. ಶನಿವಾರದ ಮೊದಲ ಪಂದ್ಯ ಇಂಗ್ಲೆಂಡಿನ 12:30ಕ್ಕಿದ್ದರೆ ತಂಡ ಬದಲಿಸುವ ಡೆಡ್‌ಲೈನ್ ನಮಗೆ ಮಧ್ಯಾಹ್ನ 3:30. ಅಕ್ಟೋಬರ್ ಕೊನೆಯಲ್ಲಿ ಅವರ ಗಡಿಯಾರ ಹಿಂದೆ ಸರಿದ ಮೇಲೆ 4:30. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಮರಳುವ ದಾರಿಯಲ್ಲೇ ನಾನು ಎಷ್ಟೋ ಟ್ರಾನ್ಸ್‌ಫರ್ ಮುಗಿಸುತ್ತೇನೆ, ಅಷ್ಟು ಸಮಯ ಧಾರಾಳವಾಗಿ ಸಾಕು. ಶುಕ್ರವಾರ ಪಂದ್ಯವಿರುವ ವಾರ ಮಾತ್ರ ಡೆಡ್‌ಲೈನ್ ರಾತ್ರಿಯೇ ಬಂದುಬಿಡುತ್ತದೆ, ಅಂಥ ವಾರಕ್ಕೆ ಮೊಬೈಲ್‌ನಲ್ಲಿ ಅಲಾರಾಂ ಇಟ್ಟುಕೊಳ್ಳಿ.

ಉಚಿತ ಟ್ರಾನ್ಸ್‌ಫರ್‌ಗಳನ್ನು ಐದರವರೆಗೆ ಕೂಡಿಡಬಹುದು. ಈ ವಾರ ಬದಲಿಸಲು ಗಟ್ಟಿ ಕಾರಣವಿರುವ ಆಟಗಾರ ಒಬ್ಬನೂ ಸಿಗದಿದ್ದರೆ ಇರುವುದನ್ನು ಉಳಿಸಿ. ನಿಮ್ಮ ಕ್ಯಾಪ್ಟನ್ ಪೂರ್ತಿ ಅಭ್ಯಾಸ ಮಾಡುತ್ತಿದ್ದಾನೆ ಎಂದು ಕೋಚ್ ಹೇಳಿದರೆ ನಾಯಕನ ತೋಳುಪಟ್ಟಿಯನ್ನು ಮತ್ತೆ ಅವನಿಗೇ ಕಟ್ಟಿ. ವೈಸ್ ಕ್ಯಾಪ್ಟನ್ ಮಾತ್ರ ಬೇರೆ ಕ್ಲಬ್ಬಿನವನಾಗಿರಲಿ, ವಾರ ತಪ್ಪದೆ ಆಡುವವನಾಗಿರಲಿ.