ಗಿರಣಿ ಎಂಜಿನ್ನಿನ ಮಾದರಿ: ಚಿಕ್ಕದಾಗಿ ಮಾಡಿದರೆ ಓಡುತ್ತದೆಯೇ?

ಪ್ರಶ್ನೆ: ಕುಷ್ಟಗಿಯಲ್ಲಿ ನನ್ನದೊಂದು ಸಣ್ಣ ಲೇಥ್ ವರ್ಕ್‌ಶಾಪ್ ಇದೆ. ನಮ್ಮಜ್ಜ ನಡೆಸುತ್ತಿದ್ದ ಹಿಟ್ಟಿನ ಗಿರಣಿಯ 6 ಎಚ್‌ಪಿ ಡೀಸೆಲ್ ಎಂಜಿನ್ ಇನ್ನೂ ಹಿತ್ತಲಲ್ಲಿ ಬಿದ್ದಿದೆ. ರಾಜಕೋಟ್‌ನಲ್ಲಿ ತಯಾರಾದ ಲಿಸ್ಟರ್ ನಮೂನೆಯದು, ಎರಡೂ ಕಡೆ ದೊಡ್ಡ ಚಕ್ರಗಳಿವೆ. ಅದನ್ನೇ ಕಾಲು ಅಳತೆಯಲ್ಲಿ, ಡೀಸೆಲ್‌ನಲ್ಲೇ ಓಡುವ ಹಾಗೆ, ಅದೇ ನಿಧಾನದ ‘ಟುಕ್ ಟುಕ್’ ಬರುವ ಹಾಗೆ ಮಾಡಬೇಕೆಂಬ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲನೆಯದಾಗಿ, ಆ ಎಂಜಿನ್ನನ್ನು ಯಾವ ಕಾರಣಕ್ಕೂ ಗುಜರಿಗೆ ಹಾಕಬೇಡಿ. ಕರೆಂಟ್ ಇನ್ನೂ ಬಾರದ ಊರುಗಳಲ್ಲಿ ಜೋಳ ಬೀಸಿದ್ದು, ಬಾವಿಯ ನೀರು ಎತ್ತಿದ್ದು ಇಂಥವೇ. ಇಂಗ್ಲೆಂಡಿನ ಡರ್ಸ್‌ಲಿ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ಹೊರತಂದ ಸಿಎಸ್ ಎಂಜಿನ್ನಿನ ವಿನ್ಯಾಸವನ್ನೇ ರಾಜಕೋಟ್‌ನ ತಯಾರಕರು ದಶಕಗಟ್ಟಲೆ ಎರಕ ಹೊಯ್ದು ಮಾರಿದರು. ನಿಮ್ಮ ಕೈಲಿರುವುದು ಆ ವಂಶದ ಎಂಜಿನ್. ಅದಕ್ಕಿಂತ ಒಳ್ಳೆಯ ನಕ್ಷೆ ನಿಮಗೆ ಎಲ್ಲೂ ಸಿಗುವುದಿಲ್ಲ. ಬಿಚ್ಚುವ ಮುಂಚೆ ಎಲ್ಲ ಮಗ್ಗುಲಿನಿಂದ ಫೋಟೊ ತೆಗೆದುಕೊಳ್ಳಿ, ಕ್ಯಾಲಿಪರ್ ಹಿಡಿದು ಒಂದೊಂದು ಅಳತೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಇನ್ನು ನಿಮ್ಮ ಆಸೆಯ ಮಾತು. ಅದರಲ್ಲಿ ಎರಡು ಬೇಡಿಕೆಗಳಿವೆ: ಡೀಸೆಲ್ ಬೇಕು, ನಿಧಾನದ ಸದ್ದೂ ಬೇಕು. ಕಾಲು ಅಳತೆಗೆ ಇಳಿಸಿದಾಗ ಈ ಎರಡೂ ಕೈಕೊಡುತ್ತವೆ. ಯಾಕೆ ಅನ್ನುವುದನ್ನು ಲೆಕ್ಕದಲ್ಲೇ ತೋರಿಸುತ್ತೇನೆ. ಈ ಲೆಕ್ಕ ಮಾಡದೆ ಲೋಹ ಕತ್ತರಿಸಲು ಹೊರಟವರ ಮಾದರಿಗಳು ಕಪಾಟಿನಲ್ಲಿ ಕೂರುತ್ತವೆ, ಓಡುವುದಿಲ್ಲ.

6 ಎಚ್‌ಪಿ ಲಿಸ್ಟರ್‌ನ ಬೋರ್ (ಸಿಲಿಂಡರಿನ ಒಳವ್ಯಾಸ) ನಾಲ್ಕೂವರೆ ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಐದೂವರೆ ಇಂಚು, ವೇಗ ನಿಮಿಷಕ್ಕೆ 650 ಸುತ್ತು. ಸಿಲಿಂಡರ್‌ನ ಗಾತ್ರ ಸುಮಾರು 1,430 ಸಿಸಿ. ಉದ್ದ, ಅಗಲ, ಎತ್ತರ ಮೂರನ್ನೂ ಕಾಲು ಭಾಗಕ್ಕೆ ಇಳಿಸಿದರೆ ಗಾತ್ರ 64ರಲ್ಲಿ ಒಂದು ಪಾಲಾಗುತ್ತದೆ, ಅಂದರೆ 22 ಸಿಸಿ ಚಿಲ್ಲರೆ. ಆದರೆ ಒಳಗೋಡೆಯ ವಿಸ್ತೀರ್ಣ ಇಳಿಯುವುದು 16ರಲ್ಲಿ ಒಂದಕ್ಕೆ ಮಾತ್ರ. ಹಾಗಾಗಿ ಅಷ್ಟು ಗಾಳಿಗೆ ತಾಗುವ ತಣ್ಣನೆಯ ಗೋಡೆ ನಾಲ್ಕು ಪಟ್ಟು ಹೆಚ್ಚಾದಂತಾಯಿತು. ಡೀಸೆಲ್ ಹೊತ್ತಿಕೊಳ್ಳುವುದೇ ಒತ್ತಿದ ಗಾಳಿಯ ಬಿಸಿಯಿಂದ. ಆ ಬಿಸಿಯನ್ನು ಗೋಡೆಯೇ ನುಂಗಿದರೆ ಉರಿಯುವುದಾದರೂ ಏನು?

ಇಂಧನದ ಲೆಕ್ಕ ಇದಕ್ಕಿಂತ ಕಷ್ಟದ್ದು. ದೊಡ್ಡ ಎಂಜಿನ್ ಪೂರ್ತಿ ಲೋಡಿನಲ್ಲಿ ಪ್ರತಿ ಸಲ ಚಿಮ್ಮಿಸುವ ಡೀಸೆಲ್ ಸುಮಾರು 75 ಘನ ಮಿಲಿಮೀಟರ್. ಮಾದರಿಯಲ್ಲಿ ಅದು ಒಂದು ಘನ ಮಿಲಿಮೀಟರಿಗೆ ಸ್ವಲ್ಪ ಹೆಚ್ಚು, ಲೋಡ್ ಇಲ್ಲದಾಗ ಅದಕ್ಕಿಂತಲೂ ಬಹಳ ಕಡಿಮೆ. ಸಾಸಿವೆ ಕಾಳಿಗಿಂತ ಚಿಕ್ಕದಾದ ಆ ಹನಿಯನ್ನು ಪ್ರತಿ ಸಲವೂ ಒಂದೇ ಅಳತೆಯಲ್ಲಿ, ನೂರಕ್ಕೂ ಹೆಚ್ಚು ವಾತಾವರಣದ ಒತ್ತಡದಲ್ಲಿ, ಮಂಜಿನ ಹಾಗೆ ಒಡೆದು ಚಿಮ್ಮಿಸುವ ಪಂಪು ಮತ್ತು ನಾಝಲ್ ಮಾಡಬೇಕು. ಜಗತ್ತಿನಲ್ಲಿ ಇದನ್ನು ಸಾಧಿಸಿದ ಹವ್ಯಾಸಿಗಳು ಇದ್ದಾರೆ, ಆದರೆ ಅವರು ಅದಕ್ಕೆ ಮೈಕ್ರಾನ್ ಲೆಕ್ಕದ ಗ್ರೈಂಡಿಂಗ್, ಲ್ಯಾಪಿಂಗ್ (ನಯವಾಗಿ ಉಜ್ಜಿ ಕೂರಿಸುವುದು) ಎಲ್ಲ ಕಲಿತು ವರ್ಷಗಟ್ಟಲೆ ಕೂತವರು. ಮೊದಲ ಎಂಜಿನ್‌ಗೆ ಇದು ಬೇಡ.

ಸದ್ದಿಗೆ ಬರೋಣ. ನಿಮ್ಮಜ್ಜನ ಎಂಜಿನ್ ನಿಧಾನವಾಗಿ ಓಡಿದ್ದು ಆ ಭಾರೀ ಚಕ್ರಗಳ ಬಲದಿಂದ. ಕಾಲು ಅಳತೆಯ ಚಕ್ರದ ತೂಕ 64ರಲ್ಲಿ ಒಂದು, ತ್ರಿಜ್ಯದ ವರ್ಗ 16ರಲ್ಲಿ ಒಂದು. ಎರಡನ್ನೂ ಗುಣಿಸಿ: ಅದೇ ವೇಗದಲ್ಲಿ ಚಕ್ರ ಹಿಡಿದಿಡುವ ಶಕ್ತಿ 1,024ರಲ್ಲಿ ಒಂದು. ಗಾಳಿ ಒತ್ತಲು ಬೇಕಾದ ಕೆಲಸ ಮಾತ್ರ 64ರಲ್ಲಿ ಒಂದಕ್ಕೆ ಇಳಿದಿರುತ್ತದೆ. ಅಂದರೆ ಮಾಡಬೇಕಾದ ಕೆಲಸದ ಮುಂದೆ ಮಾದರಿಯ ಚಕ್ರ 16 ಪಟ್ಟು ಬಡಕಲು. ಆ ಕೊರತೆ ತುಂಬಬೇಕಾದರೆ ವೇಗ ನಾಲ್ಕು ಪಟ್ಟಾಗಬೇಕು, 2,600 ಸುತ್ತು. ಆಗ ಕೇಳುವುದು ಗಿರಣಿಯ ಸದ್ದಲ್ಲ, ಮೊಪೆಡ್ಡಿನ ಸದ್ದು.

ಇದಕ್ಕೆ ದಾರಿ ಇದೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಹೊಲಗಳಲ್ಲಿ ದುಡಿದ ‘ಹಿಟ್ ಅಂಡ್ ಮಿಸ್’ ಪೆಟ್ರೋಲ್ ಎಂಜಿನ್‌ಗಳನ್ನು ನೋಡಿ. ಅಡ್ಡ ಮಲಗಿದ ಸಿಲಿಂಡರ್, ಮೇಲೆ ನೀರಿನ ತೊಟ್ಟಿ, ಹೊರಗೇ ಕಾಣುವ ಕ್ರ್ಯಾಂಕ್, ಎರಡು ಚಕ್ರ. ವೇಗ ಮಿತಿ ದಾಟಿದ ಕೂಡಲೇ ವೇಗ ಕಾಯುವ ಗವರ್ನರ್ ಒಂದು ಕೊಂಡಿಯನ್ನು ಸಿಕ್ಕಿಸಿ, ಹೊಗೆ ಹೊರಬಿಡುವ ಎಗ್ಸಾಸ್ಟ್ ವಾಲ್ವನ್ನು ತೆರೆದೇ ಹಿಡಿಯುತ್ತದೆ. ವಾಲ್ವ್ ತೆರೆದಿದ್ದಾಗ ಒಳಗೆ ಕಂಪ್ರೆಷನ್ (ಗಾಳಿ ಒತ್ತುವಿಕೆ) ಇಲ್ಲ, ಹೀರುವಿಕೆ ಇಲ್ಲದ್ದರಿಂದ ಪೆಟ್ರೋಲ್ ಬರುವುದಿಲ್ಲ, ಚಕ್ರ ಹಗುರವಾಗಿ ತಿರುಗುತ್ತಾ ಹೋಗುತ್ತದೆ. ವೇಗ ಇಳಿದಾಗ ಕೊಂಡಿ ಬಿಡುತ್ತದೆ, ವಾಲ್ವ್ ಮುಚ್ಚುತ್ತದೆ, ಇನ್ನೊಂದು ಸಲ ಹೀರಿ ಉರಿದು ‘ಢಕ್’ ಎನ್ನುತ್ತದೆ. ನಿಮ್ಮ ಲಿಸ್ಟರ್ ಎರಡು ಸುತ್ತಿಗೊಮ್ಮೆ ತಪ್ಪದೆ ಗಾಳಿ ಒತ್ತಲೇಬೇಕು. ಇದಕ್ಕೆ ಆ ಹಂಗಿಲ್ಲ. ಬಡಕಲು ಚಕ್ರದ ಕೊರತೆ ಇಲ್ಲಿ ಅಷ್ಟಾಗಿ ಕಾಡದಿರುವುದು ಅದಕ್ಕೇ.

ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲು ಹಿಟ್ ಅಂಡ್ ಮಿಸ್ ಮಾಡಿ, ಲಿಸ್ಟರನ್ನು ಎರಡನೆಯದಕ್ಕೆ ಇಟ್ಟುಕೊಳ್ಳಿ. ಲಿಸ್ಟರ್ ಮಾಡುವಾಗಲೂ ಹೊರಗೆ ಅದೇ ರೂಪ, ಒಳಗೆ ಪೆಟ್ರೋಲ್, ನಾಝಲ್ ಜಾಗದಲ್ಲಿ ಪ್ಲಗ್ ಎಂದು ಒಪ್ಪಿಕೊಳ್ಳಿ. ಹಿಟ್ ಅಂಡ್ ಮಿಸ್‌ಗೆ ಬೋರ್ 25 ಮಿ.ಮೀ., ಸ್ಟ್ರೋಕ್ 38 ಮಿ.ಮೀ. ಇಟ್ಟರೆ 18.6 ಸಿಸಿ ಬರುತ್ತದೆ. ಕಂಪ್ರೆಷನ್ 4:1 ಸಾಕು. ಅದಕ್ಕೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 6.2 ಸಿಸಿ ಇರಬೇಕು. ಸಿರಿಂಜಿನಲ್ಲಿ ಎಣ್ಣೆ ತುಂಬಿ ಅಳೆದು ನೋಡಿ. ಚಕ್ರದ ವ್ಯಾಸ 150 ಮಿ.ಮೀ. ಇರಲಿ, ಅಂಚನ್ನು ನಕ್ಷೆಗಿಂತ ಒಂದೆರಡು ಮಿಲಿಮೀಟರ್ ದಪ್ಪ ಬಿಡಿ. ಕಣ್ಣಿಗೆ ಗೊತ್ತಾಗುವುದಿಲ್ಲ, ಓಟಕ್ಕೆ ಗೊತ್ತಾಗುತ್ತದೆ. ವಾಲ್ವ್ ಎತ್ತುವ ಕ್ಯಾಮ್‌ಗೆ 20 ಮತ್ತು 40 ಹಲ್ಲಿನ ಗೇರ್. ಹಲ್ಲಿನ ಅಳತೆ ಒಂದು ಮಾಡ್ಯೂಲ್ ಆದರೆ ಎರಡರ ನಡುವಿನ ಅಂತರ ಸರಿಯಾಗಿ 30 ಮಿ.ಮೀ.

ಸಿಲಿಂಡರ್, ಪಿಸ್ಟನ್ ಎರಡೂ ಬೀಡು ಕಬ್ಬಿಣದ್ದೇ ಇರಲಿ. ಪಿಸ್ಟನ್ನಿನ ಸಡಿಲು ಒಟ್ಟು 0.05 ಮಿ.ಮೀ. ಒಳಗಿದ್ದರೆ ಉಳಿದದ್ದನ್ನು ರಿಂಗ್ ನೋಡಿಕೊಳ್ಳುತ್ತದೆ. ವಾಲ್ವ್ ಸೀಟು 45 ಡಿಗ್ರಿ, ಅದರ ಅಗಲ ಅರ್ಧ ಮಿಲಿಮೀಟರ್ ಮೀರದಿರಲಿ. ಆಟೊಮೊಬೈಲ್ ಅಂಗಡಿಯ ನಯವಾದ ಗ್ರೈಂಡಿಂಗ್ ಪೇಸ್ಟ್‌ನಲ್ಲಿ ತಿಕ್ಕಿ, ಸೀಮೆಎಣ್ಣೆ ಹಾಕಿ ಹತ್ತು ನಿಮಿಷ ಬಿಡಿ. ತೇವ ಆಚೆ ಬಂದರೆ ಮತ್ತೆ ತಿಕ್ಕಿ. ಬಣ್ಣ, ಪಾಲಿಶ್, ಹಿತ್ತಾಳೆಯ ಹೆಸರಿನ ಫಲಕ ಇವೆಲ್ಲ ಆಮೇಲೆ. ಪ್ಲಗ್ ಹಾಕಿ ಕೈಯಲ್ಲಿ ಚಕ್ರ ತಿರುಗಿಸಿದಾಗ ಒಳಗಿನ ಗಾಳಿ ಚಕ್ರವನ್ನು ಹಿಂದಕ್ಕೆ ತಳ್ಳಬೇಕು. ಅದು ಆಗುವವರೆಗೆ ಪೆಟ್ರೋಲ್ ಡಬ್ಬಿ ಮುಟ್ಟಬೇಡಿ.

ಪ್ರಶ್ನೆ: ಸಿಂಧನೂರಿನವನು. 24 ಮಿ.ಮೀ. ಬೋರಿನ ಹಿಟ್ ಅಂಡ್ ಮಿಸ್ ಮಾದರಿ ಮಾಡಿದ್ದೇನೆ. ಸ್ಟಾರ್ಟ್ ಆಗುತ್ತದೆ, ವೇಗ ಹಿಡಿಯುತ್ತದೆ, ಗವರ್ನರ್ ಕೊಂಡಿ ಹಾಕುತ್ತದೆ. ಆಮೇಲೆ ಉರಿಯಬೇಕಾದಾಗ ಉರಿಯದೆ ನಿಂತುಬಿಡುತ್ತದೆ. ಕೆಲವೊಮ್ಮೆ ಸೈಲೆನ್ಸರ್‌ನಲ್ಲಿ ‘ಢಪ್’ ಎನ್ನುತ್ತದೆ. ಕಿಡಿ ಚೆನ್ನಾಗಿದೆ.

ಉತ್ತರ: ಇಷ್ಟು ಸ್ಪಷ್ಟವಾಗಿ ಲಕ್ಷಣ ಬರೆದದ್ದಕ್ಕೆ ಧನ್ಯವಾದ. ನಿಮ್ಮ ಎಂಜಿನ್‌ನಲ್ಲಿ ಎರಡು ದೋಷಗಳು ಒಟ್ಟಿಗೆ ಇರುವ ಹಾಗಿದೆ.

‘ಢಪ್’ ಸದ್ದಿನ ಮೂಲ ಇನ್ಲೆಟ್ ವಾಲ್ವಿನ ಸ್ಪ್ರಿಂಗ್. ಈ ವಾಲ್ವಿಗೆ ಕ್ಯಾಮ್ ಇಲ್ಲ, ಪಿಸ್ಟನ್ ಹೀರಿದಾಗ ತಾನೇ ತೆರೆಯುತ್ತದೆ. ಸ್ಪ್ರಿಂಗ್ ತೀರಾ ಮೆತ್ತಗಿದ್ದರೆ ಎಗ್ಸಾಸ್ಟ್ ತೆರೆದಿರುವಾಗಿನ ಸಣ್ಣ ಹೀರುವಿಕೆಗೂ ಅದು ಬಾಯಿ ಬಿಡುತ್ತದೆ, ಪೆಟ್ರೋಲ್ ಆವಿ ನೇರ ಸೈಲೆನ್ಸರ್ ಸೇರುತ್ತದೆ, ಮುಂದಿನ ಉರಿಗೆ ಅಲ್ಲಿ ಸಿಡಿಯುತ್ತದೆ. ಹಾಗೆಂದು ಸ್ಪ್ರಿಂಗ್ ಗಡುಸಾದರೆ ಬೇಕಾದಾಗಲೂ ತೆರೆಯುವುದಿಲ್ಲ. ಎಷ್ಟಿರಬೇಕು? ವಾಲ್ವಿನ ಬಾಯಿ 8 ಮಿ.ಮೀ. ಎಂದುಕೊಳ್ಳಿ, ವಿಸ್ತೀರ್ಣ ಅರ್ಧ ಚದರ ಸೆಂಟಿಮೀಟರ್. ಹೀರುವಿಕೆ ವಾತಾವರಣದ ಹತ್ತನೇ ಒಂದು ಪಾಲು ಇದ್ದರೂ ವಾಲ್ವಿನ ಮೇಲೆ ಬೀಳುವ ಬಲ 50 ಗ್ರಾಂ ಅಷ್ಟೆ. ಹಾಗಾಗಿ 30–40 ಗ್ರಾಮಿಗೆ ತೆರೆಯುವ ಸ್ಪ್ರಿಂಗಿನಿಂದ ಶುರು ಮಾಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ವಾಲ್ವನ್ನು ಅದರ ಗೂಡಿನ ಸಮೇತ ನಿಲ್ಲಿಸಿ, ತಕ್ಕಡಿಯನ್ನು ಸೊನ್ನೆಗೆ ತಂದು, ಕಡ್ಡಿಯಿಂದ ವಾಲ್ವನ್ನು ಒತ್ತುತ್ತಾ ಹೋಗಿ. ಸೀಟಿನಿಂದ ಬಿಡುವ ಕ್ಷಣದ ಅಂಕಿ ನೋಡಿ. ಸ್ಪ್ರಿಂಗ್ ಸುತ್ತಲು 0.3 ಮಿ.ಮೀ. ಆಸುಪಾಸಿನ ಉಕ್ಕಿನ ತಂತಿ ಬೇಕು. ತತ್ವಪದ ಹಾಡುವವರ ತಂಬೂರಿಗೆ ಹಾಕುವ ಉಕ್ಕಿನ ತಂತಿ ಇದಕ್ಕೆ ಚೆನ್ನಾಗಿ ಒದಗುತ್ತದೆ, ವಾದ್ಯದ ಅಂಗಡಿಯಲ್ಲಿ ಸಿಗುತ್ತದೆ. ಹಿತ್ತಾಳೆ ಬಣ್ಣದ್ದನ್ನು ತರಬೇಡಿ.

ನಿಂತುಹೋಗುವ ದೋಷ ಟ್ಯಾಂಕಿನದು. ಟ್ಯಾಂಕ್ ಕೆಳಗೆ ಪೀಠದಲ್ಲಿರಬೇಕು ಎಂದು ಊಹಿಸುತ್ತೇನೆ. ಎಂಜಿನ್ ಉರಿಯದೆ ತಿರುಗುವ ಹೊತ್ತಿನಲ್ಲಿ ಹೀರುವಿಕೆ ಇಲ್ಲ, ಪೈಪಿನಲ್ಲಿರುವ ಪೆಟ್ರೋಲ್ ಕೆಳಗೆ ಇಳಿದುಬಿಡುತ್ತದೆ. ಮತ್ತೆ ಕೊಂಡಿ ಬಿಟ್ಟಾಗ ಒಂದೇ ಹೀರಿಗೆ ಅದು ಜೆಟ್‌ವರೆಗೆ (ಪೆಟ್ರೋಲ್ ಹೊರಬರುವ ಸಣ್ಣ ತೂತಿನವರೆಗೆ) ಏರುವುದಿಲ್ಲ, ಗಾಳಿ ಮಾತ್ರ ಬರುತ್ತದೆ. ಜೆಟ್‌ನ ಕೆಳಗೆ ಸಣ್ಣ ಉಕ್ಕಿನ ಗುಂಡಿನ ಒಮ್ಮುಖ ವಾಲ್ವ್ ಹಾಕಿ. ಸೈಕಲ್ ಬೇರಿಂಗ್‌ನ ಗುಂಡು ಸಾಕು. ಅದನ್ನು ಹಿತ್ತಾಳೆಯ ಸೀಟಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಒಂದೇ ಏಟು ಹಾಕಿದರೆ ಸೀಟು ಗುಂಡಿನ ಆಕಾರಕ್ಕೆ ಕೂರುತ್ತದೆ. ಏಟು ತಿಂದ ಗುಂಡನ್ನು ಬಿಸಾಡಿ ಹೊಸದನ್ನು ಹಾಕಿ. ಟ್ಯಾಂಕಿನ ಪೆಟ್ರೋಲ್ ಮಟ್ಟ ಜೆಟ್‌ಗಿಂತ 10–15 ಮಿ.ಮೀ. ಮಾತ್ರ ಕೆಳಗಿರಲಿ.

ಎರಡೂ ಸರಿಹೋದ ಮೇಲೂ ಮಿಸ್‌ಗಳ (ಉರಿಯದೆ ತಿರುಗುವ ಸುತ್ತುಗಳ) ಸಂಖ್ಯೆ ಕಡಿಮೆ ಅನ್ನಿಸಿದರೆ ಆಗ ಘರ್ಷಣೆ ಹುಡುಕಿ. ಎಗ್ಸಾಸ್ಟ್ ವಾಲ್ವ್ ತೆರೆದಿಟ್ಟು ಚಕ್ರವನ್ನು ಕೈಯಿಂದ ಬೀಸಿ ಬಿಡಿ. ನಿಲ್ಲುವಾಗ ಮೆಲ್ಲಗೆ ಹಿಂದೆ ಮುಂದೆ ತೂಗಾಡಿ ನಿಲ್ಲಬೇಕು. ಹಿಡಿದಂತೆ ಗಕ್ಕನೆ ನಿಂತರೆ ಎಲ್ಲೋ ಬಿಗಿಯಿದೆ. ಹೆಚ್ಚಾಗಿ ಅದು ರಿಂಗ್‌ಗಳೇ. ಎರಡು ರಿಂಗ್ ಇದ್ದರೆ ಒಂದನ್ನು ತೆಗೆದು ನೋಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಮಾದರಿ ಎಂಜಿನ್ನಿನ ಫ್ಲೈವೀಲ್‌ಗೆ ಮರದ ಅಚ್ಚು ಮಾಡಿ ಸಣ್ಣ ಫೌಂಡ್ರಿಯೊಂದರಲ್ಲಿ ಎರಕ ಹೊಯ್ಯಿಸಿದೆ. ಲೇಥ್‌ಗೆ ಕಟ್ಟಿದರೆ ಅಂಚಿನಲ್ಲಿ ಟೂಲ್ ಜಾರುತ್ತದೆ, ಕಾರ್ಬೈಡ್ ತುದಿಯೂ ಮುರಿಯಿತು. ಎರಕ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಅವಸರದಲ್ಲಿ ತಣಿದಿದೆ. ತೆಳುವಾದ ಭಾಗ ಬೇಗ ತಣಿದಾಗ ಬೀಡಿನೊಳಗಿನ ಇಂಗಾಲಕ್ಕೆ ಗ್ರಾಫೈಟ್ ಆಗಿ ಬಿಡಿಸಿಕೊಳ್ಳಲು ಸಮಯ ಸಿಗದೆ ಕಬ್ಬಿಣದ ಜೊತೆ ಕೂಡಿ ಗಾಜಿನಷ್ಟು ಗಟ್ಟಿಯಾದ ಕಾರ್ಬೈಡ್ ಆಗುತ್ತದೆ. ಅಂಚಿನ ಮೂಲೆ ಮುರಿದು ನೋಡಿ, ಒಳಗೆ ಬೂದುಬಣ್ಣದ ಬದಲು ಬೆಳ್ಳಗೆ ಹೊಳೆಯುತ್ತದೆ.

ಇದನ್ನು ಸುಮಾರು 900 ಡಿಗ್ರಿಗೆ ಕಾಯಿಸಿ ಕೆಲವು ಗಂಟೆ ಇಟ್ಟು, ತೀರಾ ನಿಧಾನವಾಗಿ ತಣಿಸಿದರೆ ಮೆತ್ತಗಾಗುತ್ತದೆ. ಕಮ್ಮಾರರ ಕುಲುಮೆಯಲ್ಲಿ ಅಷ್ಟು ಹೊತ್ತು ಸಮನಾದ ಶಾಖ ಸಿಗುವುದು ಕಷ್ಟ. ನಮ್ಮ ಕಡೆ ಇಟ್ಟಿಗೆ ಭಟ್ಟಿಗಳಿಗೆ ಬರವಿಲ್ಲವಲ್ಲ. ತಗಡಿನ ಡಬ್ಬಿಯಲ್ಲಿ ಚಕ್ರವನ್ನಿಟ್ಟು, ಸುತ್ತ ಲೇಥ್‌ನ ಬೀಡಿನ ಪುಡಿ ಮತ್ತು ಇದ್ದಿಲ ಪುಡಿ ತುಂಬಿ, ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ, ಭಟ್ಟಿಯವರ ಕೈಕಾಲು ಹಿಡಿದಾದರೂ ನಡುಸಾಲಿನಲ್ಲಿ ಇಡಿಸಿ. ಭಟ್ಟಿ ದಿನಗಟ್ಟಲೆ ಉರಿದು ದಿನಗಟ್ಟಲೆ ಆರುತ್ತದೆ, ನಿಮಗೆ ಬೇಕಾದದ್ದೂ ಅದೇ.

ಮುಂದಿನ ಅಚ್ಚಿಗೆ ಬೀಡಿನ ಕುಗ್ಗುವಿಕೆ ಮೀಟರಿಗೆ 10 ಮಿ.ಮೀ. ಲೆಕ್ಕ ಹಿಡಿಯಿರಿ, ಅಂಚು ಕನಿಷ್ಠ 8 ಮಿ.ಮೀ. ದಪ್ಪ ಇರಲಿ, ಮರಳು ತೀರಾ ಒದ್ದೆ ಇರದಂತೆ ನೋಡಿಕೊಳ್ಳಿ. ಹೊಯ್ದ ಎರಕವನ್ನು ಅಚ್ಚಿನಲ್ಲೇ ಮರುದಿನದವರೆಗೆ ಬಿಡಲು ಫೌಂಡ್ರಿಯವರಿಗೆ ಹೇಳಿ. ಚಕ್ರದ ಕಡ್ಡಿಗಳನ್ನು ನೆಟ್ಟಗೆ ಮಾಡದೆ ತುಸು ಬಾಗಿಸಿದರೆ ತಣಿಯುವಾಗಿನ ಎಳೆತಕ್ಕೆ ಸೀಳು ಬಿಡುವುದಿಲ್ಲ. ಹಳೆಯ ಚಕ್ರಗಳ ಬಾಗಿದ ಕಡ್ಡಿ ಬರೀ ಅಂದಕ್ಕೆ ಬಂದದ್ದಲ್ಲ.

ಪ್ರಶ್ನೆ: ಯಲಬುರ್ಗಾ ತಾಲ್ಲೂಕಿನ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಪೆಟ್ರೋಲ್ ಮಾದರಿ ಎಂಜಿನ್ನನ್ನು ತರಗತಿಯಲ್ಲಿ ಓಡಿಸಿ ತೋರಿಸಬಹುದೇ?

ಉತ್ತರ: ತರಗತಿಯ ಒಳಗೆ ಬೇಡ ಮೇಡಂ. ಇಷ್ಟು ಚಿಕ್ಕ ಎಂಜಿನ್ನಿನ ಹೊಗೆಯಲ್ಲೂ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ. ಶಾಲೆಯ ಅಂಗಳದಲ್ಲಿ ಓಡಿಸಿ, ಮಕ್ಕಳು ಚಕ್ರದ ನೇರಕ್ಕೆ ನಿಲ್ಲದೆ ಪಕ್ಕದಲ್ಲಿ ನಿಲ್ಲಲಿ. ಎಂಜಿನ್ ಓಡುತ್ತಿರುವಾಗ ಪೆಟ್ರೋಲ್ ತುಂಬಬೇಡಿ, ಹತ್ತಿರ ಒಂದು ಬಕೆಟ್ ಒಣ ಮರಳಿರಲಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಹಾಗಾಗಿ ಪ್ರದರ್ಶನ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ ಒರೆಸಿಡಿ, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಜೆಟ್ ಕಟ್ಟಿಕೊಂಡಿರುತ್ತದೆ. ನೀರಿನ ತೊಟ್ಟಿಗೆ ಬೋರ್‌ವೆಲ್ ನೀರು ಹಾಕಬೇಡಿ, ಉಪ್ಪು ಕಟ್ಟುತ್ತದೆ. ಶುದ್ಧ ನೀರಿನ ಘಟಕದ ಒಂದು ಬಾಟಲಿ ಸಾಕು. ತರಗತಿಯ ಒಳಗೇ ತೋರಿಸಬೇಕಾದರೆ ಪ್ಲಗ್ ಬಿಚ್ಚಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ. ನಾಲ್ಕು ಸ್ಟ್ರೋಕ್‌ಗಳನ್ನು ಮಕ್ಕಳು ಆ ನಿಧಾನದಲ್ಲಿ ಒಂದೊಂದಾಗಿ ನೋಡಬಹುದು, ವಾಲ್ವ್ ಏಳುವುದನ್ನು ಬೆರಳಿಟ್ಟು ಮುಟ್ಟಿಯೂ ನೋಡಬಹುದು.