ಪದಕ ಇತ್ತಲ್ಲ, ಗೌರವ ಯಾಕಿಲ್ಲ?

ಪ್ರಶ್ನೆ: ಅಮೆರಿಕದಲ್ಲಿ ಮಾಜಿ ಸೈನಿಕ ಕೊಲೆ ಮಾಡಿ ಸಿಕ್ಕಿಬಿದ್ದರೆ ಸೇನಾ ಗೌರವದ ಅಂತ್ಯಕ್ರಿಯೆ ಇಲ್ಲವಂತೆ. ಪ್ರಾಣದ ಹಂಗು ತೊರೆದು ಹೋರಾಡಿದ್ದಕ್ಕೆ ಬೆಲೆಯೇ ಇಲ್ವಾ ಸರ್?

ಉತ್ತರ: ಬೆಲೆ ಇದೆ ಅಂತಲೇ ಆ ನಿಯಮ ಬಂದದ್ದು. ತಿಮೋತಿ ಮೆಕ್‌ವೇ ಹೆಸರು ಕೇಳಿರಬಹುದು. ಕೊಲ್ಲಿ ಯುದ್ಧದಲ್ಲಿ ಬ್ರಾಂಜ್ ಸ್ಟಾರ್ ಪದಕ ಪಡೆದವನು. 1995ರ ಏಪ್ರಿಲ್ 19ರಂದು ಒಕ್ಲಹೋಮಾ ಸಿಟಿಯ ಸರ್ಕಾರಿ ಕಟ್ಟಡದ ಮುಂದೆ ಬಾಂಬ್ ತುಂಬಿದ ಟ್ರಕ್ ನಿಲ್ಲಿಸಿ 168 ಜನರನ್ನು ಕೊಂದ. ಅದರಲ್ಲಿ 19 ಪುಟ್ಟ ಮಕ್ಕಳು. ಮರಣದಂಡನೆ ತೀರ್ಪು ಬಂದಾಗ ಇನ್ನೊಂದು ತಲೆನೋವು ಎದ್ದಿತು. ಮಾಜಿ ಸೈನಿಕ ಅಂದಮೇಲೆ ರಾಷ್ಟ್ರೀಯ ಸ್ಮಶಾನದಲ್ಲಿ ಇವನಿಗೂ ಜಾಗ ಕೊಡಬೇಕಲ್ಲ! ಅದೇ ವರ್ಷ, 1997ರಲ್ಲಿ, ಕಾನೂನು ಮಾಡಿ ಬಾಗಿಲು ಹಾಕಿದರು.

ಆದರೂ ಒಂದು ಸಂದಿ ಉಳಿದಿತ್ತು. ರಾಜ್ಯದ ಕೋರ್ಟು ಜೀವಾವಧಿ ಕೊಟ್ಟು, ಪೆರೋಲ್‌ಗೆ ಅವಕಾಶ ಇಟ್ಟಿದ್ದರೆ ನಿಯಮ ಅನ್ವಯಿಸುತ್ತಿರಲಿಲ್ಲ. ಮೇರಿಲ್ಯಾಂಡ್‌ನಲ್ಲಿ ವೃದ್ಧ ದಂಪತಿಯನ್ನು ಕೊಂದ ವಿಯೆಟ್ನಾಂ ಯುದ್ಧದ ಸೈನಿಕನೊಬ್ಬ ಜೈಲಿನಲ್ಲೇ ಸತ್ತ. 2005ರಲ್ಲಿ ಅವನ ಚಿತಾಭಸ್ಮ ಆರ್ಲಿಂಗ್ಟನ್ ಎಂಬ ರಾಷ್ಟ್ರೀಯ ಸ್ಮಶಾನ ಸೇರಿತು. ಆ ದಂಪತಿಯ ಮಗನಿಗೆ ಹೇಗಾಗಿರಬೇಡ! ಅವರು ಸುಮ್ನೆ ಕೂರಲಿಲ್ಲ. ಪೆರೋಲ್‌ನ ಆ ಸಂದಿ ಮುಚ್ಚಿತು. 2006ರ ಡಿಸೆಂಬರ್‌ನಲ್ಲಿ ಬಂದ ಕಾನೂನೊಂದರಲ್ಲಿ ಆ ಭಸ್ಮ ತೆಗೆಸಬೇಕೆಂದು ಸಂಸತ್ತು ಹೇಳಿತು.

ನೀವು ಕೇಳಿದ ಸೇನಾ ಗೌರವಕ್ಕೂ ಇದೇ ನಿಯಮ. ಆ ಗೌರವ ಅಂದರೆ ಏನು ಗೊತ್ತಾ? ಸಮವಸ್ತ್ರದಲ್ಲಿ ಕನಿಷ್ಠ ಇಬ್ಬರು ಬರುತ್ತಾರೆ. 'ಟ್ಯಾಪ್ಸ್' ಎಂಬ ಕಹಳೆ ರಾಗ ಕೇಳಿಸುತ್ತದೆ. ಧ್ವಜವನ್ನು ತ್ರಿಕೋನವಾಗಿ ಮಡಚಿ, ದೇಶದ ಪರವಾಗಿ ಮನೆಯವರ ಕೈಗಿಡುತ್ತಾರೆ. ಅಂದರೆ ದೇಶವೇ ಬಂದು ಥ್ಯಾಂಕ್ಸ್ ಹೇಳಿದ ಹಾಗೆ. ಕೊಂದದ್ದಕ್ಕೆ ಜೀವಾವಧಿ ಕೊಟ್ಟ ದೇಶವೇ ಅದನ್ನು ಹೇಳಬೇಕು ಅಂದರೆ ನನಗಂತೂ ಒಪ್ಪಿಗೆಯಾಗದು. ಅವನು ಯುದ್ಧ ಮಾಡಿದ್ದು ಸುಳ್ಳಾಗುವುದಿಲ್ಲ, ನಿಜ. ಆದರೆ ಪಕ್ಕದ ಗೋರಿಗೆ ಹೂವಿಡಲು ಬಂದವರ ಮುಖ ನೋಡಬೇಕಲ್ವಾ?

ನನಗೆ ಜಾಸ್ತಿ ಕಸಿವಿಸಿ ಆಗುವುದು ವಿಚಾರಣೆಯೇ ನಡೆಯದ ಪ್ರಕರಣಗಳಲ್ಲಿ. 2012ರಲ್ಲಿ ಒಬ್ಬ ಮಾಜಿ ಸೈನಿಕ ಇಂಡಿಯಾನಾಪೊಲಿಸ್‌ನಲ್ಲಿ ಮಹಿಳೆಯೊಬ್ಬರನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಮಿಷಿಗನ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಅವನನ್ನು ಹೂಳಿದ್ದರು. ಮರುವರ್ಷ ಹೊಸ ಕಾನೂನು ತಂದು ಶವ ಹೊರತೆಗೆದರು. ಸತ್ತವನು ಕೋರ್ಟಿಗೆ ಬರಲಾರ. ಹಾಗಾಗಿ ಇಂಥ ಕಡೆ ಬಲವಾದ ಸಾಕ್ಷ್ಯ ಬೇಕು, ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕು ಎಂದು ಕಾನೂನೇ ಹೇಳುತ್ತದೆ. ಅಷ್ಟಾದರೂ ಇರಲೇಬೇಕು. ಇನ್ನು ಮನೆಯವರು ಬೇರೆ ಸ್ಮಶಾನದಲ್ಲಿ ತಮ್ಮಷ್ಟಕ್ಕೆ ಮಣ್ಣು ಮಾಡಿ ಅತ್ತರೆ ಅದಕ್ಕೆ ಯಾರ ಅಡ್ಡಿಯೂ ಇಲ್ಲ.