ಕಂಪನಿಯ ವಕೀಲೆಗೆ ಒಪ್ಪಿಸಿದ ಗುಟ್ಟು

ನನ್ನ ಬಳಿ ಆಪ್ತಸಲಹೆಗೆ ಬಂದವರು ಖಾಸಗಿ ಕಂಪನಿಯೊಂದರ ಕಾನೂನು ವಿಭಾಗದ ವಕೀಲೆ, ವಯಸ್ಸು ನಲವತ್ತರ ಆಸುಪಾಸು. (ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.) ಹೇಳಿಕೊಂಡ ತೊಂದರೆ ನಿದ್ದೆಯದು. ನಡುರಾತ್ರಿ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ; ಬೆಳಗ್ಗೆ ಕಚೇರಿಯ ಇಮೇಲ್ ತೆರೆಯಲು ಹೆದರಿಕೆ. ಕೆಲಸದ ಹೊರೆ ಎಂದರು. ಹೊರೆ ಹೊಸದಲ್ಲವಲ್ಲ, ಈಗೇಕೆ ಎಂದು ಕೇಳಿದಾಗ ವಿಷಯ ಹೊರಬಂತು.

ವೈವಿಧ್ಯ ಮತ್ತು ಒಳಗೊಳ್ಳುವಿಕೆಗೆಂದು ಕಂಪನಿ ಸಮಿತಿಯೊಂದನ್ನು ರಚಿಸಿ, ಕಾನೂನಿನ ಕಡೆಯಿಂದ ಇವರನ್ನು ಸೇರಿಸಿತ್ತು. ಸಿಬ್ಬಂದಿಯ ಸಭೆಯಲ್ಲಿ ಇವರು, 'ಏನೇ ತೊಂದರೆ ಇದ್ದರೂ ನನ್ನ ಬಳಿ ಬಂದು ಹೇಳಿ' ಎಂದಿದ್ದರು. ಕಿರಿಯ ಸಹೋದ್ಯೋಗಿಯೊಬ್ಬ ಆ ಮಾತನ್ನು ನಂಬಿ ಬಂದ. ತನಗೆ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹ, ಖಿನ್ನತೆಗಳ ನಡುವೆ ಹೊಯ್ದಾಡುವ ಕಾಯಿಲೆ) ಇದೆ, ಮಾತ್ರೆಯಿಂದ ಬೆಳಗಿನ ಹೊತ್ತು ಮಂಕು ಕವಿಯುತ್ತದೆ, ರಾತ್ರಿ ಪಾಳಿ ಬಿದ್ದರೆ ಕಾಯಿಲೆ ಕೆರಳುತ್ತದೆ ಎಂದ. 'ಮೇಡಂ, ಇದು ನಿಮ್ಮಲ್ಲೇ ಇರಲಿ' ಎಂದ. ಇವರು ಆಗಲಿ ಎಂದರು. ಕೆಲವು ವಾರಗಳ ಮೇಲೆ ಅವನದೇ ಕಡತ ಎಚ್‌ಆರ್ ವಿಭಾಗದಿಂದ ಇವರ ಮೇಜಿಗೆ ಬಂತು: ತಡವಾಗಿ ಬರುತ್ತಾನೆ, ಕೆಲಸದ ಗುಣಮಟ್ಟ ಕುಸಿದಿದೆ, ವಜಾ ಪತ್ರ ಸಿದ್ಧಪಡಿಸಿ.

'ಹೇಳಿದರೆ ಅವನಿಗೆ ಮೋಸ, ಹೇಳದಿದ್ದರೆ ಕಂಪನಿಗೆ ಮೋಸ. ನಾನು ಯಾರ ವಕೀಲೆ ಸರ್?'

ಕಾನೂನು ಅವರಿಗೆ ಗೊತ್ತಿಲ್ಲದ್ದಲ್ಲ. ನನಗೆ ಪಾಠ ಹೇಳಿದವರೇ ಅವರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ ಮಾನಸಿಕ ಅಸ್ವಸ್ಥತೆಯೂ ಇದೆ. ಅಂಥವರಿಗೆ ಬೇಕಾದ ಸಮಂಜಸ ಹೊಂದಾಣಿಕೆಯನ್ನು, ಅಂದರೆ ಅವರ ಅಗತ್ಯಕ್ಕೆ ತಕ್ಕ ಸೂಕ್ತ ಬದಲಾವಣೆಯನ್ನು, ನಿರಾಕರಿಸುವುದನ್ನೇ ಈ ಕಾಯ್ದೆ ತಾರತಮ್ಯ ಎನ್ನುತ್ತದೆ. ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇದೆಯೆಂಬ ಪ್ರಮಾಣಪತ್ರ ಇಲ್ಲದಿದ್ದರೆ ತನಗೆ ಯಾವ ಹಕ್ಕೂ ಇಲ್ಲ ಎಂದು ಆ ಹುಡುಗ ತಿಳಿದಿದ್ದ. ಆ ಮಿತಿ ಮೀಸಲಾತಿಯಂಥ ಸವಲತ್ತುಗಳಿಗೆ. ಹೊಂದಾಣಿಕೆ ಕೇಳಲು ಅದು ಬೇಕಿಲ್ಲವೆಂದು 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ರವೀಂದರ್ ಕುಮಾರ್ ಧರಿವಾಲ್ ಪ್ರಕರಣದ ತೀರ್ಪು ಬಂತು. ಮಾನಸಿಕ ಅಸ್ವಸ್ಥತೆ ಇರುವ ನೌಕರನ ಮೇಲಿನ ಶಿಸ್ತು ಕ್ರಮವು ಪರೋಕ್ಷ ತಾರತಮ್ಯದ (ಎಲ್ಲರಿಗೂ ಒಂದೇ ಎನಿಸುವ ನಿಯಮ ಕೆಲವರಿಗೆ ಮಾತ್ರ ಹೊಡೆತ ಕೊಡುವುದರ) ಒಂದು ಮುಖ ಎಂದಿತು ಕೋರ್ಟ್. ಅದು ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯ ಪ್ರಕರಣ. ನೌಕರಿಯಿಂದ ತೆಗೆಯಬಾರದೆಂಬ 20ನೇ ಸೆಕ್ಷನ್‌ನ ನೇರ ನಿರ್ಬಂಧವೂ ಸರ್ಕಾರಿ ಸಂಸ್ಥೆಗಳಿಗಷ್ಟೇ. ಹಾಗೆಂದು ಖಾಸಗಿ ಕಂಪನಿ ಪಾರಾಗುವುದಿಲ್ಲ. ತಾರತಮ್ಯವನ್ನು ತಡೆಯುವ 3ನೇ ಸೆಕ್ಷನ್‌ ಎಲ್ಲರಿಗೂ ಇದೆ ಎಂಬುದು ಇವರ ವಾದ.

ಇಷ್ಟು ಬಲ್ಲವರು ಪತ್ರವನ್ನೂ ಬರೆಯದೆ, ಬರೆಯುವುದಿಲ್ಲ ಎಂದೂ ಹೇಳದೆ ಕಡತವನ್ನು ಡ್ರಾಯರ್‌ನಲ್ಲಿಟ್ಟು ಕುಳಿತಿದ್ದರು. ಅವರನ್ನು ಕಟ್ಟಿಹಾಕಿದ್ದು 'ಆಗಲಿ' ಎಂದ ಆ ಒಂದು ಮಾತು. ತಾನು ವಕೀಲೆ, ಕೇಳಿದ್ದನ್ನು ಹೊರಗೆಡಹುವಂತಿಲ್ಲ ಎಂದು ಅವರ ಮನಸ್ಸು ಹಟ ಹಿಡಿದಿತ್ತು. ಆದರೆ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ವೃತ್ತಿ ನಡೆಸುವಂತಿಲ್ಲ ಎಂಬುದು ವಕೀಲರ ಪರಿಷತ್ತಿನ ನಿಯಮ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ವಕೀಲರಿಗೆ ಕೊಡುವ ಗೋಪ್ಯತೆಯ ರಕ್ಷಣೆ ಕಂಪನಿಗಳ ಒಳಗಿನ ಕಾನೂನು ಸಲಹೆಗಾರರಿಗೆ ಸಿಗದೆಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೇಲಾಗಿ ಅವನು ಇವರ ಕಕ್ಷಿದಾರನೇ ಅಲ್ಲ, ಕಕ್ಷಿದಾರ ಕಂಪನಿ. ಅಂದರೆ ಅವನಿಗೆ ಕೊಟ್ಟ ಭರವಸೆಗೆ ಕಾನೂನಿನ ಆಸರೆ ಇರಲಿಲ್ಲ, ಮನುಷ್ಯರ ನಡುವಿನ ಮಾತಿಗಿರುವ ಬೆಲೆಯಷ್ಟೇ ಇತ್ತು. ನಿದ್ದೆ ಕೆಡಿಸಲು ಅದು ಧಾರಾಳವಾಗಿ ಸಾಕು.

ಇಲ್ಲಿ ಕಂಪನಿಗಳ ಮೇಲೆ ನನಗೊಂದು ಸಿಟ್ಟಿದೆ. ಸಮಿತಿಗೆ ಮೃದು ಮುಖ ಬೇಕೆಂದು ವಕೀಲರನ್ನು ಕೂರಿಸುತ್ತಾರೆ, ಮರುದಿನ ಅವರ ಕೈಯಲ್ಲೇ ವಜಾ ಪತ್ರ ಬರೆಸುತ್ತಾರೆ. ಗೋಡೆಗೆ ಅಂಟಿಸಿದ ಪೋಸ್ಟರ್ ಇದನ್ನು ಹೇಳುವುದಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು, ಎಚ್‌ಆರ್‌ ಬಳಿಗಲ್ಲ, ಆ ಹುಡುಗನ ಬಳಿಗೆ ಹೋಗಿ ಎಂಬುದು. 'ನಾನು ಕಂಪನಿಯ ವಕೀಲೆ, ನಿನ್ನ ವಕೀಲೆಯಲ್ಲ. ಇದನ್ನು ಅವತ್ತೇ ಹೇಳಬೇಕಿತ್ತು. ಬೇಕಾದರೆ ಹೊರಗಿನ ವಕೀಲರನ್ನು ಕಾಣು' ಎಂದು ಬಾಯಿಬಿಟ್ಟು ಹೇಳಬೇಕು. ಈ ವಾಕ್ಯಗಳನ್ನು ನನ್ನ ಕೋಣೆಯಲ್ಲೇ ಹಲವು ಬಾರಿ ಹೇಳಿಸಿದೆ. ಮೊದಲ ಸಲ ಅವರಿಗೆ ಅಳು ಬಂತು, ಆಮೇಲೆ ಕೋಪ ಬಂತು. ಕೋಪ ಬಂದದ್ದು ಒಳ್ಳೆಯದೇ ಆಯಿತು. ಅಲ್ಲಿಯವರೆಗೆ ತಪ್ಪೆಲ್ಲ ತನ್ನದೇ ಎಂದುಕೊಂಡಿದ್ದರು.

ಕಾಯಿಲೆಯ ಹೆಸರು ಬೇರೆ, ಅದರಿಂದಾಗುವ ಅಗತ್ಯ ಬೇರೆ. ಆರೋಗ್ಯದ ಕಾರಣಕ್ಕೆ ರಾತ್ರಿ ಪಾಳಿ ಬೇಡ, ಬೆಳಗ್ಗೆ ಒಂದು ಗಂಟೆ ತಡವಾಗಿ ಬರಲು ಅವಕಾಶ ಬೇಕು ಎಂದು ಅವನೇ ವೈದ್ಯರ ಪತ್ರದೊಡನೆ ಅರ್ಜಿ ಕೊಡಬಹುದು. ಎಷ್ಟು ತಿಳಿಸಬೇಕೆಂದು ಅವನೇ ತೀರ್ಮಾನಿಸಲಿ ಎಂದೆ. ಸಮಾನ ಅವಕಾಶ ನೀತಿಯನ್ನು ಪ್ರಕಟಿಸುವುದು 21ನೇ ಸೆಕ್ಷನ್ ಪ್ರಕಾರ ಖಾಸಗಿ ಸಂಸ್ಥೆಗಳಿಗೂ ಕಡ್ಡಾಯವೆಂದು ಅವರೇ ನೆನಪಿಸಿಕೊಂಡರು. 20 ಅಥವಾ ಹೆಚ್ಚು ನೌಕರರಿದ್ದರೆ ಅಂಗವಿಕಲ ನೌಕರರ ವಿಷಯ ನೋಡಿಕೊಳ್ಳುವ ಸಂಪರ್ಕಾಧಿಕಾರಿಯೂ ಇರಬೇಕು. ಕಂಪನಿಯಲ್ಲಿ ನೀತಿ ಇತ್ತು, ಅಧಿಕಾರಿ ಇರಲಿಲ್ಲ.

ಅಲ್ಲಿಯವರೆಗೆ ಕಡತದ ಗತಿ? ಗುಟ್ಟು ಬಿಡದೆಯೂ ಕೇಳಬಹುದಾದ ಪ್ರಶ್ನೆಯೊಂದಿದೆ: ವಜಾ ಮಾಡುವ ಮುನ್ನ ಯಾರಾದರೂ ಈ ನೌಕರನನ್ನು ಕರೆದು, ತಡವಾಗುವುದೇಕೆ, ಏನಾದರೂ ನೆರವು ಬೇಕೇ ಎಂದು ಕೇಳಿದ್ದೀರಾ? ಯಾವ ಕಡತದ ಮೇಲೂ ಬರೆಯಬಹುದಾದ ಪ್ರಶ್ನೆ ಇದು. ಇದನ್ನೇ ಟಿಪ್ಪಣಿಯಾಗಿ ಬರೆದು ಕಳಿಸಲು ಹೇಳಿದೆ. ಅವನು ಏನನ್ನೂ ತಿಳಿಸಬಾರದು ಎಂದರೆ? ಆಗ ಕಾರಣ ಹೇಳದೆ ಆ ಕಡತದಿಂದ ಹಿಂದೆ ಸರಿಯಬೇಕು, ಸುಳ್ಳು ಸಲಹೆಯನ್ನಂತೂ ಕೊಡಬಾರದು ಎಂದು ಇಬ್ಬರೂ ಒಪ್ಪಿದೆವು.

ಅವನು ಒಪ್ಪಿದ, ಆದರೆ ಮುನಿಸಿಕೊಂಡೇ. ಅರ್ಜಿ ಕೊಟ್ಟ, ರಾತ್ರಿ ಪಾಳಿ ತಪ್ಪಿತು. ವಜಾ ಪತ್ರವನ್ನು ಕಂಪನಿ ಸದ್ಯಕ್ಕೆ ತಡೆಹಿಡಿದಿದೆ, ಕೈಬಿಟ್ಟಿಲ್ಲ. ಅವನ ಮ್ಯಾನೇಜರ್ ಗೊಣಗುತ್ತಲೇ ಇದ್ದಾರೆ. ವಕೀಲೆಗೆ ನಿದ್ದೆ ಮರಳಿದೆ, ವಾರದಲ್ಲಿ ಒಂದೆರಡು ರಾತ್ರಿ ಬಿಟ್ಟು. ಮನೋವೈದ್ಯರನ್ನು ಕಾಣುವ ಮಾತನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇವೆ. ಸಮಿತಿಯಲ್ಲಿ ಅವರು ಉಳಿದಿದ್ದಾರೆ. ಬಂದವರಿಗೆ ತಾನು ಯಾರ ಪರ ಎಂಬುದನ್ನು ಮೊದಲೇ ಹೇಳುತ್ತಾರೆ. ಹಾಗೆ ಹೇಳಲು ತೊಡಗಿದ ಮೇಲೆ ಅವರ ಬಳಿ ಬರುವವರು ಕಡಿಮೆಯಾಗಿದ್ದಾರೆ ಎಂದು ಎಚ್‌ಆರ್ ವಿಭಾಗ ಆಕ್ಷೇಪಿಸಿದೆಯಂತೆ.